ಕುಟ್ಟು ಹಿಟ್ಟಿನ ಪೂರಿ: ಎಸರು, ಆಲೂಗಡ್ಡೆ, ಕೆಸುವಿನ ಗೆಡ್ಡೆ

ನವರಾತ್ರಿಯ ವ್ರತ ಹಿಡಿದ ದೆಹಲಿಯ ಮನೆಗಳಲ್ಲಿ ಅಕ್ಕಿ, ಗೋಧಿಗಳ ಜಾಗಕ್ಕೆ ಕುಟ್ಟು, ಅಂದರೆ ಬಕ್‌ವೀಟ್ ಬೀಜದ ಹಿಟ್ಟು ಬರುತ್ತದೆ. ಉತ್ತರಾಖಂಡದ ಕುಮಾವ್, ಗಢವಾಲ್ ಬೆಟ್ಟಗಳಲ್ಲಿ ಓಗಲ್ ಎಂದು ಕರೆಯುವ ಈ ಬೆಳೆ ಹುಲ್ಲಿನ ಜಾತಿಯ ಧಾನ್ಯವಲ್ಲವಾದ್ದರಿಂದ ಉಪವಾಸಕ್ಕೆ ಸಲ್ಲುತ್ತದೆ. ಆದರೆ ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು, ಗ್ಲೂಟನ್, ಇದರಲ್ಲಿ ಇಲ್ಲ. ಬರಿಯ ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗಲೇ ಒಡೆಯುತ್ತದೆ. ಆದ್ದರಿಂದ 250 ಗ್ರಾಂ ಹಿಟ್ಟು, ಸೈಂಧವ ಲವಣ, ಮೆಣಸಿನ ಪುಡಿ ಇಷ್ಟನ್ನು ಬದಲಿಸದೆ, ಹಿಟ್ಟನ್ನು ಕೂಡಿಸುವ ಬಗೆಯನ್ನು ಮಾತ್ರ ಮೂರು ರೀತಿಯಲ್ಲಿ ಪರೀಕ್ಷಿಸಿದೆ.

ಜೋಳದ ರೊಟ್ಟಿ ತಟ್ಟಿ ಬೆಳೆದ ಕೈಗೆ ಮೊದಲು ಹೊಳೆದದ್ದು ಎಸರು. ಕುದಿಯುವ ನೀರಿನಲ್ಲಿ ಹಿಟ್ಟು ಚೆನ್ನಾಗಿಯೇ ಕೂಡಿಕೊಂಡಿತು, ಆದರೆ ಆರುತ್ತಿದ್ದಂತೆ ಪೂರಿಯ ಅಂಚು ಸೀಳಿ, ಆ ಸೀಳುಗಳೊಳಗೆ ಎಣ್ಣೆ ಇಳಿಯಿತು. ಅದೇ ಹಿಟ್ಟನ್ನು ಹಂಚಿನ ಮೇಲೆ ರೊಟ್ಟಿಯಾಗಿ ಬೇಯಿಸಿದಾಗ ಮಾತ್ರ ಮೊಸರಿನೊಂದಿಗೆ ತುಂಬಾ ಹಿಡಿಸಿತು.

ಬೇಯಿಸಿದ ಎರಡು ಆಲೂಗಡ್ಡೆ ಸೇರಿಸುವುದು ದೆಹಲಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ. ಪೂರಿ ಮೆತ್ತಗೆ ಬಂದಿತು, ಹಲವು ಉಬ್ಬಿದವು. ಆದರೂ ಕಲಸಿಟ್ಟ ಹತ್ತು ನಿಮಿಷದಲ್ಲಿ ಹಿಟ್ಟು ನೀರು ಬಿಟ್ಟು ಸಡಿಲವಾಯಿತು. ಆಲೂಗಡ್ಡೆಯ ಸಿಹಿಯಲ್ಲಿ ಕುಟ್ಟಿನ ಮಣ್ಣಿನಂಥ ಘಮ ಮುಚ್ಚಿಹೋದದ್ದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ.

ಮೂರನೆಯದು ಕೆಸುವಿನ ಗೆಡ್ಡೆ, ಹಿಂದಿಯವರ ಅರ್ಬಿ. ಬೇಯಿಸಿ, ಸಿಪ್ಪೆ ಸುಲಿದು, ಗಂಟಿಲ್ಲದಂತೆ ಅರೆದು ನೀರೇ ಹಾಕದೆ ಕಲಸಿದಾಗ ಅದರ ಲೋಳೆಯೇ ಅಂಟಿನ ಕೆಲಸ ಮಾಡಿತು. ಅರ್ಧ ಗಂಟೆಯ ನಂತರವೂ ಅಂಚು ಸೀಳಲಿಲ್ಲ, ಎಣ್ಣೆ ಕಡಿಮೆ ಹಿಡಿಯಿತು, ಕುಟ್ಟಿನ ರುಚಿಯೂ ಉಳಿಯಿತು. ಗೆಡ್ಡೆ ಪೂರ್ತಿ ಬೆಂದಿರಲೇಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ.

ಈ ಮೂರಕ್ಕಿಂತಲೂ ಮುಖ್ಯವಾದದ್ದು ಹಿಟ್ಟಿನ ತಾಜಾತನ. ಕುಟ್ಟಿನಲ್ಲಿರುವ ಕೊಬ್ಬಿನಿಂದಾಗಿ ಹಿಟ್ಟು ಸೆಕೆಯಲ್ಲಿ ಬೇಗ ಕಮಟುತ್ತದೆ. ಹಿಂದಿನ ಹಬ್ಬದ್ದು ಉಳಿದಿದ್ದ ಹಿಟ್ಟಿನಲ್ಲಿ ಒಮ್ಮೆ ಕೆಸುವು ಹಾಕಿಯೇ ಮಾಡಿದ ಪೂರಿಯ ಕಹಿ ಬಾಯಲ್ಲಿ ಬಹಳ ಹೊತ್ತು ಉಳಿದಿತ್ತು. ಈಗ ಬೇಕಾದಷ್ಟನ್ನೇ ಬೀಸಿಸಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಟ್ಟು, ಮೂಸಿ ನೋಡಿದ ಮೇಲೆಯೇ ಕಲಸುತ್ತೇನೆ: ಪೂರಿಗೆ ಕೆಸುವು, ರೊಟ್ಟಿಗೆ ಎಸರು.