ಪಾಠ ರೆಕಾರ್ಡ್ ಮಾಡೋಕೆ ಎರಡು ಮೈಕಿನ ಸೆಟ್ಟು ಮತ್ತೆ ಟ್ರೈಪಾಡು: ಇಬ್ರೇ ಟೀಚರ್ ಇರೋ ಶಾಲೆಯಿಂದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಯೂಟ್ಯೂಬ್ ಚಾನೆಲ್ ಮಾಡೋರಿಗೆ ಇದು ಉಪಯೋಗ ಇಲ್ಲ. ಒಬ್ರ ಪಾಠ ಇನ್ನೊಬ್ರು ನೋಡಿ ಸುಧಾರಿಸ್ಕೊಬೇಕು ಅನ್ನೋ ಆಸೆ ಇರೋ, ಆದ್ರೆ ಕ್ಲಾಸ್ ಬಿಟ್ಟು ಎದ್ದು ಹೋಗೋಕೆ ಆಗದೇ ಇರೋ ಮೇಷ್ಟ್ರುಗಳಿಗೆ ಬರೀತಿದೀನಿ.

ತರಬೇತಿಗೆ ಹೋದಾಗೆಲ್ಲ ಹೇಳ್ತಾರೆ, ಸಹೋದ್ಯೋಗಿಯ ತರಗತಿ ವೀಕ್ಷಣೆ ಮಾಡಿ, ಹಿಮ್ಮಾಹಿತಿ ಕೊಡಿ ಅಂತ. ಮಾತು ಸರಿನೇ. ಆದ್ರೆ ಹೊಸನಗರ, ತೀರ್ಥಹಳ್ಳಿ ಕಡೆ ಒಳಗಿನ ಹಳ್ಳಿಗಳಲ್ಲಿ ಒಂದರಿಂದ ಐದನೇ ಕ್ಲಾಸಿಗೆ ಇಬ್ರು ಟೀಚರ್, ಒಬ್ರು ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸ್ ಮಕ್ಕಳು ಒಟ್ಟಿಗೆ ಕೂತು ಕಲಿಯೋದು) ನೋಡ್ಕೊಂಡ್ರೆ ಇನ್ನೊಬ್ರು ನಾಲ್ಕು-ಐದು ಒಟ್ಟಿಗೆ ಕೂರಿಸ್ಕೊಂಡಿರ್ತಾರೆ, ನಾನು ಮೇಡಂ ಕ್ಲಾಸ್ ನೋಡೋಕೆ ಹೋಗಿ ಕೂತ್ರೆ ನನ್ನ ಮಕ್ಕಳನ್ನ ಯಾರು ನೋಡ್ತಾರೆ? ಪಕ್ಕದ ಶಾಲೆಗೆ ಹೋಗೋಣ ಅಂದ್ರೆ ಬಸ್ ಸಿಗೋ ಹೊತ್ತಿಗೆ ಮಧ್ಯಾಹ್ನದ ಊಟ ಮುಗ್ದಿರತ್ತೆ. ಹಂಗಾಗಿ ನಾವು ಇಬ್ರು, ಜೊತೆಗೆ ಪಕ್ಕದ ಶಾಲೆಯ ಇನ್ನೊಬ್ರು ಸರ್ ಸೇರಿ, ಪಾಠ ರೆಕಾರ್ಡ್ ಮಾಡಿ ಪೆನ್‌ಡ್ರೈವಲ್ಲಿ ಹಾಕಿ ಸುತ್ತಮುತ್ತಲ ಶಾಲೆಯ ಟೀಚರ್‌ಗಳೆಲ್ಲ ಸೇರೋ ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋದಾಗ ಅದ್ಲುಬದ್ಲು ಮಾಡ್ಕೊಳ್ಳೋದು ಅಂತ ಮಾತಾಡ್ಕೊಂಡ್ವಿ. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆ ಹೋದಾಗ ಈ ಸೆಟ್ ತಗೊಂಡ್ವಿ. ಕಂಪನಿ ಹೆಸರು ಹಾಕಲ್ಲ, ಅಂಗಡೀಲಿ ಸಿಗೋ ಇಂಥ ಸಾದಾ ಸೆಟ್ಟೆಲ್ಲ ಹೆಚ್ಚೂಕಮ್ಮಿ ಒಂದೇ ಥರ ಇರತ್ತೆ: ಕಾಲರಿಗೆ ಸಿಗಿಸೋ ಎರಡು ಚಿಕ್ಕ ಮೈಕು, ಫೋನಿಗೆ ಚುಚ್ಚೋ ಟೈಪ್-ಸಿ ರಿಸೀವರ್ರು. ಟ್ರೈಪಾಡ್ ಬೇರೆ ತಗೋಬೇಕು.

ಒಂದೇ ಮೈಕಿಂದು ಕಮ್ಮಿಗೆ ಸಿಗತ್ತೆ, ತಗೋಬೇಡಿ. ಯಾಕಂದ್ರೆ ಕಾಲರ್ ಮೈಕ್ ಹಾಕ್ಕೊಂಡ್ರೆ ನಮ್ಮ ದನಿ ರೇಡಿಯೋ ಥರ ಸ್ಪಷ್ಟ ಬರತ್ತೆ, ಆದ್ರೆ ಹಿಂದಿನ ಸಾಲಲ್ಲಿ ಕೂತ ಹುಡುಗಿ ಏನಂದ್ಲು ಅಂತ ಒಂದಕ್ಷರ ಕೇಳಲ್ಲ. ಪಾಠ ನೋಡೋಕೆ ಬಂದೋರಿಗೆ ಬೇಕಾಗಿರೋದು ಅದೇ ಅಲ್ವಾ? ನಾನು ಏನ್ ಹೇಳ್ದೆ ಅಂತ ನಂಗೆ ಗೊತ್ತು, ಮಕ್ಕಳು ಗುಂಪಲ್ಲಿ ಗುಸುಗುಸು ಏನ್ ಮಾತಾಡ್ಕೊಂಡ್ರು ಅಂತ ಗೊತ್ತಿರಲ್ಲ. ಎರಡನೇ ಮೈಕನ್ನ ಮಕ್ಕಳ ಗುಂಪಿನ ನಡುವೆ ಒಂದು ಡಸ್ಟರ್ ಮೇಲೋ ಪೆನ್ಸಿಲ್ ಡಬ್ಬಿ ಮೇಲೋ ಇಟ್ರೆ ಈ ಸೆಟ್ಟಿನ ನಿಜವಾದ ಬೆಲೆ ಗೊತ್ತಾಗತ್ತೆ. ಭಾಗಾಕಾರದಲ್ಲಿ ಶೇಷ ಅಂದ್ರೆ "ಮಿಕ್ಕಿದ್ದನ್ನ ಬಿಟ್ಬಿಡೋದು ಕಣೋ" ಅಂತ ಒಬ್ಬ ಇನ್ನೊಬ್ಬನಿಗೆ ವಿವರಿಸ್ತಿದ್ದ, ಇದು ಬೋರ್ಡ್ ಹತ್ರ ನಿಂತೋರಿಗೆ ಯಾವತ್ತಾದ್ರೂ ಕೇಳತ್ತಾ.

ಕ್ಯಾಮೆರಾನೂ ಅಷ್ಟೇ, ಬೋರ್ಡ್ ಕಡೆ ತಿರುಗಿಸ್ಬೇಡಿ, ಮಕ್ಕಳ ಕಡೆ ತಿರುಗಿಸಿ. ಜಪಾನಲ್ಲಿ ನೂರು ವರ್ಷಕ್ಕಿಂತ ಹಿಂದಿಂದ ಮೇಷ್ಟ್ರುಗಳು ಸೇರಿ ಒಂದು ಪಾಠ ಪ್ಲ್ಯಾನ್ ಮಾಡಿ, ಒಬ್ರು ಮಾಡಿ, ಉಳಿದೋರು ನೋಡೋ ಪದ್ಧತಿ ಇದೆ, ಜುಗ್ಯೋ ಕೆಂಕ್ಯೂ ಅಂತಾರೆ. ಅಲ್ಲಿ ನೋಡೋಕೆ ಬಂದೋರು ಮಕ್ಕಳ ಪಕ್ಕದಲ್ಲೇ ನಿಂತು ಅವರ ಪುಸ್ತಕದಲ್ಲಿ ಏನ್ ನಡೀತಿದೆ ಅಂತ ಬರ್ಕೊಳ್ತಾರೆ, ಮಾರ್ಕ್ ಮೇಷ್ಟ್ರಿಗಲ್ಲ. ನಮ್ಮಲ್ಲಿ ಹಿಂದೆ ಯಾರೋ ಬಂದು ಕೂತ್ರು ಅಂದ್ರೆ ಇನ್ಸ್‌ಪೆಕ್ಷನ್ನೇ, ಆ ಭಯಕ್ಕೆ ದನಿನೇ ಬದಲಾಗೋಗತ್ತೆ. ಮೂಲೇಲಿ ನಿಂತಿರೋ ಟ್ರೈಪಾಡನ್ನ ಮಕ್ಕಳೂ ನಾವೂ ಬೇಗ ಮರ್ತುಬಿಡ್ತೀವಿ. ಮೊದಲ ಸಲ ಮಾತ್ರ ಹಲ್ಲು ಕಿಸಿಯೋರ ಕಾಟ.

ಬಿ.ಎಡ್‌ಲಿ ಫ್ಲ್ಯಾಂಡರ್ಸ್ ವಿಶ್ಲೇಷಣೆ ಅಂತ ಓದಿದ್ವಲ್ಲ, ಕ್ಲಾಸಲ್ಲಿ ಯಾರು ಎಷ್ಟು ಮಾತಾಡ್ತಾರೆ ಅಂತ ಲೆಕ್ಕ ಹಾಕೋದು, 10 ವರ್ಗ, ಅದ್ರಲ್ಲಿ 7 ಟೀಚರ್ ಮಾತಿಗೆ, 2 ಮಕ್ಕಳ ಮಾತಿಗೆ, 1 ಮೌನ ಗೊಂದಲಕ್ಕೆ, 3 ಸೆಕೆಂಡಿಗೊಂದು ಸಲ ಆಗ ನಡೀತಿರೋ ವರ್ಗದ ನಂಬರ್ ಬರ್ಕೊಳ್ಳೋದು. ಪರೀಕ್ಷೆಗೆ ಉರು ಹೊಡೆದು ಬಿಟ್ಟಿದ್ದಷ್ಟೇ. ರೆಕಾರ್ಡಿಂಗ್ ಇದ್ರೆ ನಿಲ್ಸಿ ನಿಲ್ಸಿ ಅದನ್ನ ಆರಾಮಾಗಿ ಮಾಡ್ಬಹುದು, ಅದಕ್ಕೆ ಬರೀ ಆಡಿಯೋ ಸಾಕು, ವಿಡಿಯೋನೂ ಬೇಡ. ಇನ್ನೂ ಸುಲಭದ್ದು ಬೇಕಂದ್ರೆ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ನಿರ್ತೀವಿ ಅಂತ ನೋಡಿ. ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ಅಮೆರಿಕದಲ್ಲಿ ಕ್ಲಾಸ್ ರೆಕಾರ್ಡಿಂಗ್ ಕೇಳಿ ಕೇಳಿ ಇದನ್ನ ಕಂಡ್ಕೊಂಡಿದ್ದು, ಟೀಚರ್‌ಗಳು ಸರಾಸರಿ 1 ಸೆಕೆಂಡ್ ಕಾಯ್ತಾರೆ ಅಷ್ಟೇ, 3 ಸೆಕೆಂಡ್ ಆದ್ರೂ ಕಾದ್ರೆ ಮಕ್ಕಳ ಉತ್ತರ ಉದ್ದ ಆಗತ್ತೆ, ಸುಮ್ನಿರೋರೂ ಬಾಯಿ ಬಿಡ್ತಾರೆ ಅಂತ. ನಮ್ಮ ಮೇಡಂ ನನ್ನ ವಿಡಿಯೋ ನೋಡಿ ಬೇರೆ ಏನೂ ಹೇಳ್ಲಿಲ್ಲ, "ಸರ್, ನೀವೇ ಕೇಳ್ತೀರಿ, ನೀವೇ ಹೇಳ್ತೀರಿ" ಅಂದ್ರು ಅಷ್ಟೇ, ಇಡೀ ಫೀಡ್‌ಬ್ಯಾಕ್ ಫಾರ್ಮ್‌ಗಿಂತ ಅದು ಚೆನ್ನಾಗಿ ತಟ್ತು.

ಈಗ ತೊಂದರೆಗಳು. ಮಳೆಗಾಲ. ಜುಲೈಲಿ ಶೀಟ್ ಮೇಲೆ ಮಳೆ ಬಡಿಯೋಕೆ ಶುರುವಾದ್ರೆ ಮೈಕಲ್ಲಿ ಬರೋದು ಬರೀ ಮಳೆ, ಹೆಂಚಿನ ರೂಮಲ್ಲಿ ಸ್ವಲ್ಪ ವಾಸಿ. ನಾಯ್ಸ್ ಕ್ಯಾನ್ಸಲ್ ಬಟನ್ ಒತ್ತಿದ್ರೆ ಮಳೆ ಕಮ್ಮಿಯಾಗತ್ತೆ ಆದ್ರೆ ದನಿ ರೋಬೋಟ್ ಥರ ಆಗತ್ತೆ, ಅದಕ್ಕಿಂತ ಮುಖ್ಯ, ದೂರದ ಮಕ್ಕಳ ದನಿನೂ ಅದು ಗಲಾಟೆ ಅಂತಲೇ ತಿಳ್ಕೊಂಡು ತೆಗೆದುಹಾಕತ್ತೆ. ಆಫ್ ಮಾಡಿಡಿ. ನಾವು ಮಳೆ ಬಿಟ್ಟ ಮೇಲೆ, ದೀಪಾವಳಿ ಕಳೆದು ರೆಕಾರ್ಡ್ ಮಾಡೋದು ಅಂತ ಇಟ್ಕೊಂಡಿದೀವಿ.

ಕೆಲವು ಫೋನಲ್ಲಿ ಕ್ಯಾಮೆರಾ ಆ್ಯಪ್ ಹೊರಗಿನ ಮೈಕ್ ತಗೊಳ್ಳೋದೇ ಇಲ್ಲ, ಸುಮ್ನೆ ಫೋನಿನ ಮೈಕಲ್ಲೇ ರೆಕಾರ್ಡ್ ಮಾಡ್ಕೊಳತ್ತೆ. ಓಪನ್ ಕ್ಯಾಮೆರಾ ಅಂತ ಫ್ರೀ ಆ್ಯಪ್ ಇದೆ, ಅದ್ರ ಸೆಟ್ಟಿಂಗಲ್ಲಿ ಆಡಿಯೋ ಎಲ್ಲಿಂದ ಅಂತ ಆರಿಸ್ಬಹುದು. ನಮ್ಮ ಸೆಟ್ಟಲ್ಲಿ ರಿಸೀವರ್ ಚುಚ್ಚಿದ ಮೇಲೆ ಫೋನ್ ಚಾರ್ಜ್ ಮಾಡೋಕೆ ಜಾಗ ಇರಲ್ಲ, ಕರೆಂಟ್ ಹೋಗೋ ಊರಲ್ಲಿ ಹಿಂದಿನ ರಾತ್ರಿನೇ ಎಲ್ಲ ಚಾರ್ಜಿಗೆ ಹಾಕಿ. 40 ನಿಮಿಷದ ಪೀರಿಯಡ್ ಫುಲ್ ಎಚ್‌ಡಿಲಿ ತೆಗೆದ್ರೆ ಫೈಲ್ 4 ಜಿಬಿ ದಾಟಬಹುದು, ಹಳೇ ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಫಾರ್ಮ್ಯಾಟಲ್ಲಿ ಇದ್ರೆ ಅಷ್ಟು ದೊಡ್ಡ ಫೈಲ್ ಕಾಪಿನೇ ಆಗಲ್ಲ. ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ, ಇಲ್ಲಾಂದ್ರೆ ವಿಡಿಯೋ ಕ್ವಾಲಿಟಿ 720ಕ್ಕೆ ಇಳಿಸಿ. ನಮ್ಮ ನೆಟ್‌ವರ್ಕಲ್ಲಿ ಇದನ್ನೆಲ್ಲ ಅಪ್‌ಲೋಡ್ ಮಾಡ್ತೀನಿ ಅಂದ್ಕೊಂಡೋರಿಗೆ ದೊಡ್ಡ ನಮಸ್ಕಾರ.

ಇನ್ನೊಂದು, ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಲಿ ಮಾತಾಡಿ ಪೋಷಕರ ಒಪ್ಪಿಗೆ ತಗೊಂಡೇ ರೆಕಾರ್ಡ್ ಮಾಡಿ. ಗ್ರೂಪಿಗೆ, ಸ್ಟೇಟಸ್ಸಿಗೆ ಹಾಕೋ ಚಪಲ ಬೇಡ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಲಿ 18 ವರ್ಷದೊಳಗಿನೋರೆಲ್ಲ ಮಕ್ಕಳೇ. ನಾವು ಮೂರೂ ಜನ ಒಂದು ಮಾತು ಇಟ್ಕೊಂಡಿದೀವಿ, ವಿಡಿಯೋ ಯಾರದ್ದೋ ಅವರದ್ದೇ, ನೋಡಿ ವಾಪಸ್ ಕೊಟ್ಟ ಮೇಲೆ ಡಿಲೀಟ್. ಮೇಲಿನವರು ಯಾರು ಕೇಳಿದ್ರೂ ಕೊಡಲ್ಲ ಅಂತನೂ ಇದೆ, ಅದಿಲ್ದಿದ್ರೆ ಇದೂ ಇನ್ನೊಂದು ಇನ್ಸ್‌ಪೆಕ್ಷನ್ ಆಗತ್ತೆ.

ಟ್ರೈಪಾಡ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಫೋನ್ ಹಿಡಿಯೋ ಕ್ಲಿಪ್ ಪ್ಲಾಸ್ಟಿಕ್ಕು, ಸಡಿಲ ಆಗಿದೆ, ರಬ್ಬರ್ ಬ್ಯಾಂಡ್ ಹಾಕಿದೀವಿ. ಮೈಕಿಗೆ 5ಕ್ಕೆ 4 ಕೊಡ್ತೀನಿ, ಟ್ರೈಪಾಡಿಗೆ 2. ಅಂಗಡೀಲಿ ಬಿಲ್ ಕೇಳಿ ಇಸ್ಕೊಳ್ಳಿ, ವಾರಂಟಿ ಕಾರ್ಡಿಗೆ ಸೀಲ್ ಹಾಕ್ಸೋದು ಮರೀಬೇಡಿ.