ಸಂಶೋಧನಾ ಬಳಗಕ್ಕೆ ಸಂಘವೋ, ಟ್ರಸ್ಟೋ?

ಧಾರವಾಡದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರದ ಬಳಗ ಕಟ್ಟುವವರಿಗೆ ಟ್ರಸ್ಟ್ ಸುಲಭ. ಟ್ರಸ್ಟ್ ಪತ್ರ (ಉದ್ದೇಶ, ನಿಯಮಗಳ ದಾಖಲೆ) ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಆದರೆ ತೀರ್ಮಾನವೆಲ್ಲ ಟ್ರಸ್ಟಿಗಳದು; ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಸಮೀಕ್ಷೆಗೆ ಬಿಸಿಲಲ್ಲಿ ಅಲೆದ ಪಿಎಚ್‌ಡಿ ವಿದ್ಯಾರ್ಥಿಗೆ ಮತವಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘಕ್ಕೆ ಕನಿಷ್ಠ 7 ಜನ ಬೇಕು. ವಾರ್ಷಿಕ ಸಭೆ, ಲೆಕ್ಕ ತಪಾಸಣೆ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ ಎಲ್ಲ ಕಿರಿಕಿರಿಯೇ. ಆದರೂ ಅಲ್ಲಿ ಸದಸ್ಯರಿಗೆ ಮತವಿರುವುದರಿಂದ ನಮ್ಮ ಒಲವು ಸಂಘಕ್ಕೇ.

ಸಂಘ ಕೆಡುವುದು ಬೈಲಾದಲ್ಲಿ, ಅಂದರೆ ಅದರ ಒಳನಿಯಮಗಳಲ್ಲಿ. ಅಧ್ಯಕ್ಷರ ಅವಧಿಗೆ ಮಿತಿಯಿಲ್ಲದಿದ್ದರೆ ಹಿರಿಯ ಪ್ರಾಧ್ಯಾಪಕರೇ ಕಾಯಂ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ವಿಪರೀತ ಇಟ್ಟರೆ ಪರೀಕ್ಷೆಯ ತಿಂಗಳಲ್ಲಿ ಸಭೆಯೇ ನಡೆಯದು. 2 ವರ್ಷದ ಅವಧಿ, ಮೂರನೇ ಒಂದರಷ್ಟು ಕೋರಂ, ವಿದ್ಯಾರ್ಥಿಗೆ ಅರ್ಧ ಚಂದಾ ಆದರೆ ಪೂರ್ತಿ ಮತ ಇಡಿ. ಸಮೀಕ್ಷೆಯ ದತ್ತಾಂಶ ಯಾರ ವಶದಲ್ಲಿರಬೇಕು, ಲೇಖನದಲ್ಲಿ ಹೆಸರುಗಳ ಕ್ರಮವೇನು ಎಂಬುದನ್ನು ಅನುದಾನ ಬರುವ ಮೊದಲೇ ಬರೆದಿಡಿ.