ಮೊರೊಗೊರೊಗೆ ಹೊರಡುವ ಮುನ್ನ: ಸ್ವಾಹಿಲಿ ಕಲಿತ ಮೂರು ದಾರಿ

ನಿವೃತ್ತಿಯಾದ ಮೇಲೆ ಆರು ತಿಂಗಳ ಮಟ್ಟಿಗೆ ತಾಂಜಾನಿಯಾದ ಮೊರೊಗೊರೊದಲ್ಲಿ ಸಂಬಳವಿಲ್ಲದೆ ಗಣಿತ ಕಲಿಸಲು ಒಪ್ಪಿಕೊಂಡೆ. ಅಲ್ಲಿ ಪ್ರೌಢಶಾಲೆಯ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಮತ್ತೆ ಸ್ವಾಹಿಲಿ ಯಾಕೆ ಅಂತ ಮನೆಯವರು ಕೇಳಿದರು. ಧಾರವಾಡದಲ್ಲಿ ಪಿಯುಸಿ ಸೈನ್ಸ್ ಮಕ್ಕಳಿಗೆ ಪಾಠ ಮಾಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಹತ್ತನೇ ಇಯತ್ತೆವರೆಗೆ ಕನ್ನಡದಲ್ಲಿ ಓದಿ, ಜೂನ್ ತಿಂಗಳಲ್ಲಿ ಏಕಾಏಕಿ ಇಂಗ್ಲಿಷ್ ಗಣಿತದ ಮುಂದೆ ಕುಳಿತ ಮಗುವಿನ ಮುಖ ನೋಡಿದ್ದೇವಲ್ಲ. ತಾಂಜಾನಿಯಾದಲ್ಲೂ ಅದೇ ಕಥೆ: ಸರ್ಕಾರಿ ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಫಾರಂ ಒನ್‌ನಿಂದ, ಅಂದರೆ ಪ್ರೌಢಶಾಲೆಯ ಮೊದಲ ವರ್ಷದಿಂದ, ಇಂಗ್ಲಿಷ್.

ಕೈಯಲ್ಲಿ ಹನ್ನೆರಡು ವಾರವಿತ್ತು. ಮೂರು ದಾರಿ ಹಿಡಿದೆ, ಮೂರನ್ನೂ ಕೊನೆತನಕ ಬಿಡಲಿಲ್ಲ.

ಮೊದಲನೆಯದು ಫೋನಿನ ಆ್ಯಪ್. ಪುಕ್ಕಟೆ, ನಡುನಡುವೆ ಜಾಹೀರಾತು. ದಿನಕ್ಕೆ ಹದಿನೈದು ನಿಮಿಷ, ಹೆಚ್ಚಾಗಿ ಸಿಟಿ ಬಸ್ಸಿನಲ್ಲಿ. ಪದಗಳು ಬೇಗ ಬಾಯಿಗೆ ಬಂದವು. ಅದರಲ್ಲಿ ಆ್ಯಪಿನ ಹೆಚ್ಚುಗಾರಿಕೆ ಎಷ್ಟೋ, ನಮ್ಮ ಕಡೆಯ ಕನ್ನಡದ್ದು ಅಷ್ಟೇ. ಸಬುನಿ ಅಂದರೆ ಸಾಬೂನು, ಗಾರಿ ಅಂದರೆ ಗಾಡಿ, ದುಕಾ ಅಂದರೆ ದುಕಾನು, ಹೆಸಾಬು ಅಂದರೆ ಹಿಸಾಬು. ಅರಬ್ಬಿ, ಹಿಂದೂಸ್ತಾನಿ ಮಾತುಗಳು ಇಲ್ಲಿಗೂ ಬಂದವು, ಅಲ್ಲಿಗೂ ಹೋದವು. ಆದರೆ ಆರು ವಾರ ಕಳೆದರೂ ಆ್ಯಪು ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವುದಷ್ಟೇ ನನಗೆ ಬರುತ್ತಿತ್ತು. ಬಾಯಿಬಿಟ್ಟು ಒಂದು ವಾಕ್ಯ ಹೇಳಬೇಕೆಂದರೆ ತೊದಲುತ್ತಿದ್ದೆ.

ಎರಡನೆಯದು ಹಳೇ ಟೇಪು. 1960ರ ದಶಕದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆಂದು ಮಾಡಿಸಿದ ಪಾಠಗಳಿವು. ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕರಕರ ಸದ್ದಿನ ನಡುವೆ ಒಂದು ದನಿ ವಾಕ್ಯ ಹೇಳುತ್ತದೆ, ನಿಲ್ಲುತ್ತದೆ, ನಾವು ಹೇಳಬೇಕು. ಮಗ್ಗಿ ಉರು ಹೊಡೆದ ಹಾಗೆ. ಬೇಸರ ತರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ವ್ಯಾಕರಣ ನಾಲಿಗೆಗೆ ಹತ್ತಿದ್ದು ಇದರಿಂದಲೇ. ಸ್ವಾಹಿಲಿಯಲ್ಲಿ ನಾಮಪದದ ವರ್ಗ ಬದಲಾದರೆ ಸಂಖ್ಯೆಯೂ ವೇಷ ಬದಲಿಸುತ್ತದೆ: ವಟೋಟೊ ವವಿಲಿ ಅಂದರೆ ಇಬ್ಬರು ಮಕ್ಕಳು, ವಿಟಾಬು ವಿವಿಲಿ ಅಂದರೆ ಎರಡು ಪುಸ್ತಕ. ನಾವೂ ‘ಇಬ್ಬರು’, ‘ಎರಡು’ ಅಂತ ಬೇರೆ ಮಾಡುತ್ತೇವಲ್ಲ, ಅವರು ಅದನ್ನು ಇನ್ನೂ ನಾಲ್ಕು ಹೆಜ್ಜೆ ಮುಂದೆ ಒಯ್ದಿದ್ದಾರೆ. ಅರಬ್ಬಿಯಿಂದ ಬಂದ ಕಿಟಾಬುವಿನ ‘ಕಿ’ಯನ್ನು ತಮ್ಮದೇ ಪ್ರತ್ಯಯವೆಂಬಂತೆ ಬಳಸಿ, ಬಹುವಚನಕ್ಕೆ ‘ವಿಟಾಬು’ ಮಾಡಿಕೊಂಡಿದ್ದಾರೆ! ಸೋಮ ಅಂದರೆ ಓದು, ಸೋಮೇಶ ಅಂದರೆ ಓದಿಸು. ನಮ್ಮ ‘ಇಸು’ ಅಲ್ಲಿಯೂ ಇದೆ ಅನಿಸಿ ಅವತ್ತು ಖುಷಿಯಾಯಿತು.

ಮೂರನೆಯದು, ಕೃಷಿ ಓದಲು ಧಾರವಾಡಕ್ಕೆ ಬಂದಿದ್ದ ತಾಂಜಾನಿಯಾದ ಹುಡುಗಿ. ವಾರಕ್ಕೆ ಎರಡು ಸಂಜೆ, ತಾಸಿಗೆ 300 ರೂಪಾಯಿ. ಮೂರರಲ್ಲಿ ದುಡ್ಡು ಬಿದ್ದದ್ದು ಇದಕ್ಕೊಂದಕ್ಕೇ. ನನ್ನನ್ನು ಆಕೆ ಗೌರವದಿಂದ ‘ಮಾಮಾ’ ಅನ್ನುತ್ತಿದ್ದಳು, ಸ್ವಾಹಿಲಿಯಲ್ಲಿ ಅಮ್ಮ ಅಂತ ಅರ್ಥ; ಪಕ್ಕದ ಮನೆಯವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಮೊದಲ ಭಾನುವಾರವೇ ಎಡವಟ್ಟಾಯಿತು. ‘ಸಾ ಕುಮಿ’ಗೆ ಬರುತ್ತೇನೆ ಅಂತ ಮೆಸೇಜು ಮಾಡಿದಳು. ಸಾ ಅಂದರೆ ಗಂಟೆ, ಕುಮಿ ಅಂದರೆ ಹತ್ತು. ಬೆಳಿಗ್ಗೆ ಹತ್ತಕ್ಕೆ ಅವಲಕ್ಕಿ ಒಗ್ಗರಣೆ ಹಾಕಿ ಕಾದೆ. ಆಕೆ ಬಂದದ್ದು ಸಂಜೆ ನಾಲ್ಕಕ್ಕೆ, ಅವಳ ಲೆಕ್ಕದಲ್ಲಿ ಸರಿಯಾದ ಹೊತ್ತಿಗೇ! ಅವರ ಗಂಟೆ ಸೂರ್ಯ ಹುಟ್ಟಿದಲ್ಲಿಂದ ಶುರು. ನಮ್ಮ ಏಳು ಅವರ ಒಂದು, ನಮ್ಮ ನಾಲ್ಕು ಅವರ ಹತ್ತು. ಭೂಮಧ್ಯರೇಖೆಯ ಹತ್ತಿರದ ನಾಡಿನಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಆರಕ್ಕೇ ಬೆಳಗಾಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮಜ್ಜಿಗೆ ಇದು ಥಟ್ಟನೆ ತಿಳಿಯುತ್ತಿತ್ತು.

ಬೇಕಾದ ಗಣಿತದ ಮಾತು ಸಿಕ್ಕಿದ್ದು ಅವಳ ಹತ್ತಿರ. ಕೂಡಿಸು ಜುಮ್ಲಿಶ, ಕಳೆ ಟೋಅ, ಗುಣಿಸು ಜಿದಿಶ, ಭಾಗಿಸು ಗವಾನ್ಯ. ತ್ರಿಕೋನಕ್ಕೆ ಪೆಂಬೆಟಾಟು. ಪೆಂಬೆ ಅಂದರೆ ಕೋಡೂ ಹೌದು, ಮೂಲೆಯೂ ಹೌದು. ಮೂರು ಕೋಡಿನ ಆಕೃತಿ ಅಂತ ಬಿಡಿಸಿಕೊಂಡೆ, ಆಮೇಲೆ ಮರೆಯಲಿಲ್ಲ. ಹಿರಿಯರಿಗೆ ಮಕ್ಕಳು ‘ಶಿಕಮೋ’ ಅನ್ನುತ್ತಾರೆ, ‘ಕಾಲು ಹಿಡಿದೆ’ ಎಂಬ ಅರ್ಥದಿಂದ ಬಂದ ಮಾತಂತೆ, ನೀವು ‘ಮರಹಬಾ’ ಅನ್ನಬೇಕು, ಸುಮ್ಮನಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ ಅಂತ ಎಚ್ಚರಿಸಿದವಳೂ ಅವಳೇ. ಆದರೆ ವ್ಯಾಕರಣ ಕೇಳಿದರೆ ಕೈ ಚೆಲ್ಲುತ್ತಿದ್ದಳು: ‘ಹಂಗ ಅಂತೀವಿ ಮಾಮಾ, ಯಾಕಂತ ಗೊತ್ತಿಲ್ಲ.’ ಇಷ್ಟು ಕನ್ನಡ ಹಾಸ್ಟೆಲಿನಲ್ಲಿ ಕಲಿತಿದ್ದಳು. ಪರೀಕ್ಷೆ ಬಂದಾಗ ಎರಡು ವಾರ ಪಾಠವೇ ಇಲ್ಲ.

ದುಡ್ಡಿಲ್ಲದಿದ್ದರೆ ಟೇಪನ್ನೇ ಹಿಡಿಯಿರಿ, ಆ್ಯಪನ್ನಲ್ಲ. ದುಡ್ಡಿದ್ದರೆ ಮೊದಲ ನಾಲ್ಕು ವಾರ ಟೇಪು, ಆಮೇಲೆ ಆ ದೇಶದವರೊಬ್ಬರು. ನಾನು ಇದನ್ನು ತಲೆಕೆಳಗು ಮಾಡಿದ್ದರಿಂದ ಅವಳ ಮೊದಲ ಎಂಟು ತಾಸು ಅಕ್ಷರಶಃ ನೀರಿನಲ್ಲಿ ಹೋಮ. ಬಾಕಿ ತಯಾರಿಯಲ್ಲಿ ಎರಡೇ ಮಾತು ಹೇಳುತ್ತೇನೆ. ಹಳದಿ ಜ್ವರದ ಲಸಿಕೆ ಬೇಕೇ ಅಂತ ಮೊದಲೇ ವಿಚಾರಿಸಿ, ಬೇಕಿದ್ದರೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಪ್ರವಾಸಿ ವೀಸಾದಲ್ಲಿ ಪುಕ್ಕಟೆ ಪಾಠವನ್ನೂ ಮಾಡುವಂತಿಲ್ಲ, ಸ್ವಯಂಸೇವಕರಿಗೆ ‘ಕ್ಲಾಸ್ ಸಿ’ ಪರವಾನಗಿ ಬೇರೆಯೇ ಇದೆ.

ತರಗತಿಯ ಮೊದಲ ದಿನ ಭಿನ್ನರಾಶಿ ಹೇಳಿ, ಟೇಪಿನ ವ್ಯಾಕರಣ ನಂಬಿ ‘ಮ್ಮೆಎಲೆವ?’ ಅಂದೆ, ಅರ್ಥ ಆಯ್ತಾ ಅಂತ. ‘ನ್ದಿಯೋ ಮ್ವಲಿಮು’ ಅಂತ ಇಡೀ ತರಗತಿ ಕೂಗಿತು, ನಮ್ಮ ಮಕ್ಕಳು ‘ಹೂಂ ರೀ ಟೀಚರ್’ ಅಂದ ಹಾಗೆಯೇ. ಇದನ್ನೂ ಧಾರವಾಡದಲ್ಲಿ ನನಗೆ ಕಲಿಸಿದ ಹುಡುಗಿ ಮೊದಲೇ ಹೇಳಿದ್ದಳು: ಹಾಗೆ ಕೇಳಬೇಡಿ, ‘ನಾನಿ ಅನವೆಜಾ ಕುಎಲೆಜಾ?’ ಅನ್ನಿ. ಯಾರು ವಿವರಿಸಬಲ್ಲಿರಿ ಅಂತ. ಅಂದೆ. ತರಗತಿ ಗಪ್ ಚಿಪ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು, ಸ್ವಾಹಿಲಿಯಲ್ಲಿ ಪಟಪಟ ಬಿಡಿಸಿ ಹೇಳಿದಳು. ನನಗೆ ಅರ್ಧ ತಿಳಿಯಿತು. ಅವಳ ಛೇದ ತಪ್ಪಾಗಿತ್ತು.